ರೊಕ್ಕ ತಗೊಳ್ಳಾಕ ಪಿನ್ ಯಾಕ್ ಬೇಕ್ರೀ?

ಮೊನ್ನೆ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂತಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಮಾತು ಹೇಳಿದರು. "ಆಸೆ ನೋಡ್ರಿ ಸರ್, ಆಸೆ. ಆಸೆಬುರುಕರಿಗೆ ಮಾತ್ರ ಇಂಥ ಮೋಸ ಆಗ್ತದ." ನನಗೆ ತುತ್ತು ಗಂಟಲಲ್ಲೇ ನಿಂತಿತು. ಅಲ್ಲಿ ಜಗಳ ತೆಗೆಯಲಿಲ್ಲ. ವಯಸ್ಸಿನಲ್ಲಿ ದೊಡ್ಡವರು, ಮೇಲಾಗಿ ಅವರ ಡಬ್ಬಿಯ ಶೇಂಗಾ ಹಿಂಡಿ ಅರ್ಧ ನಾನೇ ತಿಂದಿದ್ದೆ! ಆದರೆ ಆ ಮಾತು ಎರಡು ರಾತ್ರಿ ನಿದ್ದೆ ಕೆಡಿಸಿತು. ಅದಕ್ಕೇ ಇಲ್ಲಿ ಜಗಳ ಆಡುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆವು. ಐದನೇ ದಿನ ಅವಳ ತಾಯಿ ಬಂದರು. ಆಕೆ ಮನೆಯಲ್ಲಿ ಹೊಲಿಗೆ ಹಾಕಿ ಸಂಸಾರ ನಡೆಸುವವರು. ಸಂಘದಲ್ಲಿ ಸಾಲ ಎತ್ತಿ ಹೊಸ ಯಂತ್ರ ತಂದಿದ್ದರು, ಹಳೆಯದನ್ನು ಮಾರಬೇಕಿತ್ತು. ಮೋಟರು, ಮೇಜು ಎಲ್ಲ ಸೇರಿ 6,500 ರೂಪಾಯಿ. ಮಗಳೇ ಫೋಟೊ ತೆಗೆದು ಹಳೆ ಸಾಮಾನು ಮಾರುವ ಒಂದು ಜಾಲತಾಣಕ್ಕೆ ಹಾಕಿದಳು. ಮನೆಯಲ್ಲಿ ಇಂಗ್ಲಿಷ್ ಓದಲು ಬರುವುದು ಅವಳೊಬ್ಬಳಿಗೇ.

ಹತ್ತು ನಿಮಿಷದಲ್ಲಿ ಫೋನು! ಆ ಕಡೆ ಶುದ್ಧ ಹಿಂದಿ. ತಾನು ಸೈನ್ಯದಲ್ಲಿದ್ದೇನೆ, ಹೈದರಾಬಾದಿಗೆ ವರ್ಗ ಆಗಿದೆ, ಹೆಂಡತಿಗೆ ಯಂತ್ರ ಬೇಕು ಅಂದ. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಸಮವಸ್ತ್ರದ ಫೋಟೊ ಎಲ್ಲ ವಾಟ್ಸಾಪಿಗೆ ಬಂದವು. ಚೌಕಾಸಿ ಇಲ್ಲ. ಯಂತ್ರ ನೋಡಬೇಕು ಅನ್ನಲಿಲ್ಲ. "ಈಗಲೇ ರೊಕ್ಕ ಹಾಕ್ತೀನಿ, ನಾಳೆ ನಮ್ಮ ಗಾಡಿ ಬಂದು ಒಯ್ಯುತ್ತದೆ." ಮೊದಲು ಐದು ರೂಪಾಯಿ ಕಳಿಸಿದ. ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತು ಬೇಟಾ, 6,500 ನಿಮ್ಮ ಖಾತೆಗೆ ಬೀಳ್ತದ" ಅಂದ. ಹುಡುಗಿ ಒತ್ತಿದಳು. ಬೀಳಲಿಲ್ಲ, ಹೋಯಿತು. ಗಾಬರಿಯಾಗಿ ಕೇಳಿದರೆ, "ಅರೆ, ತಾಂತ್ರಿಕ ದೋಷ. ಎರಡೂ ಸೇರಿಸಿ 13,000 ವಾಪಸ್ ಕಳಿಸ್ತೀನಿ, ಇನ್ನೊಂದು ಕೋಡ್ ಸ್ಕ್ಯಾನ್ ಮಾಡು" ಅಂದ. ಮಾಡಿದಳು. ಅದೂ ಹೋಯಿತು. ಒಟ್ಟು 19,500. ಮೂರನೆಯದಕ್ಕೆ ಖಾತೆಯಲ್ಲಿ ರೊಕ್ಕವೇ ಇರಲಿಲ್ಲ. ಅದಕ್ಕೆ ಆ ಮಹಾಶಯ ಹುಡುಗಿಗೇ ಬೈದನಂತೆ!

ಆ ದುಡ್ಡಿನಲ್ಲಿ ಹತ್ತಿ ಬಿಡಿಸಿದ ಕೂಲಿ ಇತ್ತು, ಸಂಘದ ಎರಡು ಕಂತು ಇತ್ತು. ಹುಡುಗಿ ನಾಲ್ಕು ದಿನ ಮೂಲೆಯಲ್ಲಿ ಕೂತಿದ್ದಳು, ಅಪ್ಪನ ಮುಖ ನೋಡುವುದಕ್ಕೆ ಹೆದರಿ. ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಈ ನಾಲ್ಕು ದಿನದ ವಿಷಯಕ್ಕೆ ಆಮೇಲೆ ಬರುತ್ತೇನೆ, ನನ್ನ ನಿಜವಾದ ಹೊಟ್ಟೆಯುರಿ ಇರುವುದು ಅಲ್ಲಿ.

ಈಗ ಹೇಳಿ, ಇದರಲ್ಲಿ ಆಸೆ ಎಲ್ಲಿದೆ? ಲಾಟರಿ ಹೊಡೆದಿದೆ ಅಂದಾಗ ಬಾಯಿ ಬಿಡುವವನದು ಆಸೆ. ತಿಂಗಳಿಗೆ ದುಡ್ಡು ಎರಡರಷ್ಟು ಅಂದಾಗ ಹಾಕುವವನದೂ ಆಸೆ ಅನ್ನಿ, ಒಪ್ಪುತ್ತೇನೆ. ತನ್ನದೇ ಹಳೆಯ ಯಂತ್ರವನ್ನು ತಾನು ಹೇಳಿದ ಬೆಲೆಗೇ ಮಾರಲು ಹೋದ ಹೆಂಗಸಿನಲ್ಲಿ ಯಾವ ಆಸೆ? ಅವಳು ಯಾರದನ್ನೂ ಹೆಚ್ಚಿಗೆ ಕೇಳಿಲ್ಲ. ಮಾರುವವರಿಗೆ ಆಗುವ ಈ ಮೋಸವನ್ನು ಕೊಳ್ಳುವವರಿಗೆ ಆಗುವ ಮೋಸದ ಜೊತೆ ಒಂದೇ ಗಂಟಿಗೆ ಕಟ್ಟಿ "ಆಸೆ" ಅನ್ನುವುದು ನಮ್ಮ ಸೋಮಾರಿತನ. ಹಾಗಂದುಬಿಟ್ಟರೆ ನಾವು ಏನೂ ಮಾಡಬೇಕಾಗಿಲ್ಲವಲ್ಲ!

ಇನ್ನೊಂದು ಮಾತೂ ಕೇಳಿದೆ, "ಓದಿಲ್ಲದವರು ಸರ್, ಹಳ್ಳಿಯವರು." ಹೌದಾ? 2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲರ ಮಗಳು ಒಂದು ಹಳೆಯ ಸೋಫಾ ಮಾರಲು ಓಎಲ್‌ಎಕ್ಸ್‌ನಲ್ಲಿ ಹಾಕಿದ್ದರು. ಕೊಳ್ಳುವವನ ವೇಷದಲ್ಲಿ ಬಂದವನು ಮೊದಲು ಸ್ವಲ್ಪ ದುಡ್ಡು ಕಳಿಸಿ ನಂಬಿಸಿದ. ಆಮೇಲೆ ಕ್ಯೂಆರ್ ಕೋಡ್ ಕಳಿಸಿದ. 20,000 ಹೋಯಿತು. ತಪ್ಪಾಯಿತು, ವಾಪಸ್ ಕೊಡ್ತೀನಿ ಅಂತ ಇನ್ನೊಂದು ಕೋಡ್ ಕಳಿಸಿದ, ಮತ್ತೆ 14,000 ಹೋಯಿತು. ಒಟ್ಟು 34,000. ನಮ್ಮ ಹುಡುಗಿಗೆ ಆದದ್ದೂ ಇದೇ, ಅಕ್ಷರ ಅಕ್ಷರ ಇದೇ. ರಾಜಧಾನಿಯಲ್ಲಿ, ಮುಖ್ಯಮಂತ್ರಿಯ ಮನೆಯಲ್ಲಿ, ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗಿಗೆ ಆಗಬಹುದಾದದ್ದು ಕೃಷ್ಣಾ ತೀರದ ಹಳ್ಳಿಯಲ್ಲಿ ಆದರೆ ಮಾತ್ರ "ಓದಿಲ್ಲದವರು" ಅನ್ನಿಸಿಕೊಳ್ಳಬೇಕೇ? ಇರಲಿ ಬಿಡಿ.

ಯಾಕೆ ಆಗುತ್ತದೆ ಅಂತ ಸ್ವಲ್ಪ ಯೋಚಿಸೋಣ. ನಿಮ್ಮೂರಿನ ಚಹಾ ಅಂಗಡಿಗೆ ಹೋಗಿ. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದನ್ನು ಸ್ಕ್ಯಾನ್ ಮಾಡುವವರು ಯಾರು? ಚಹಾ ಕುಡಿದವರು. ಪಿನ್ ಒತ್ತುವವರು ಯಾರು? ಚಹಾ ಕುಡಿದವರು. ಅಂಗಡಿಯವನು ಏನು ಮಾಡುತ್ತಾನೆ? ಹಾಲು ಕಾಯಿಸುತ್ತಾ ನಿಂತಿರುತ್ತಾನೆ. ಅವನ ಕೈ ಫೋನಿಗೆ ತಾಗುವುದೂ ಇಲ್ಲ, ರೊಕ್ಕ ಬಂದುಬಿಡುತ್ತದೆ. ಕೋಡ್ ಅಂದರೆ ರೊಕ್ಕ ಹೋಗಿ ಸೇರಬೇಕಾದ ವಿಳಾಸ, ಕೆಲವು ಸಲ ಮೊತ್ತವನ್ನೂ ಅದರೊಳಗೇ ಬರೆದಿರುತ್ತಾರೆ. ಪಿನ್ ಅಂದರೆ ನಿಮ್ಮ ಸಹಿ. ಚೆಕ್ಕಿಗೆ ಸಹಿ ಹಾಕಿದರೆ ನಿಮ್ಮ ಖಾತೆಯಿಂದ ಹೋಗುತ್ತದೆಯೋ, ನಿಮ್ಮ ಖಾತೆಗೆ ಬರುತ್ತದೆಯೋ? ಇಷ್ಟೇ ಸಂಗತಿ.

ಇದು ನಮ್ಮ ಎಲ್ಲ ಮಕ್ಕಳಿಗೂ ಗೊತ್ತು. ದಿನಾ ನೋಡುತ್ತಾರೆ. ಆದರೂ ಅಪರಿಚಿತನೊಬ್ಬ ಫೋನಿನಲ್ಲಿ ಅವಸರ ಮಾಡುತ್ತಾ "ರಿಸೀವ್ ಮನಿ ಬೇಟಾ, ರಿಸೀವ್" ಅಂತ ಹತ್ತು ಸಲ ಅಂದಾಗ ಗೊತ್ತಿದ್ದದ್ದು ತಲೆಕೆಳಗಾಗುತ್ತದೆ. ಅವನು ಕಳಿಸಿದ ಚಿತ್ರದ ಮೇಲೆ "ನಿಮಗೆ ಬರಬೇಕಾದ ಹಣ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದು ಅವನೇ ಬರೆದದ್ದು! ಚಿತ್ರದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ಕತ್ತೆಯ ಚಿತ್ರದ ಕೆಳಗೆ ಕುದುರೆ ಅಂತ ಬರೆದ ಹಾಗೆ.

ಮೊದಲು ಇನ್ನೊಂದು ದಾರಿಯೂ ಇತ್ತು. ಯುಪಿಐ ಶುರುವಾದದ್ದು 2016ರಲ್ಲಿ. ಅದರಲ್ಲಿ "ನನಗೆ ಇಷ್ಟು ಕೊಡಿ" ಅಂತ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಬೇಡಿಕೆ ಕಳಿಸುವ ಸೌಲಭ್ಯ ಇತ್ತು, ಕಲೆಕ್ಟ್ ರಿಕ್ವೆಸ್ಟ್ ಅಂತ. ಕೊಳ್ಳುವವನ ವೇಷದವರು ಅದನ್ನೇ "ರೊಕ್ಕ ಕಳಿಸಿದ್ದೀನಿ, ಒಪ್ಪಿಗೆ ಒತ್ತಿ" ಅಂತ ಬಳಸಿದರು. ವರ್ಷಗಟ್ಟಲೆ ಜನ ಕಳಕೊಂಡ ಮೇಲೆ, 2025ರ ಅಕ್ಟೋಬರ್ 1ರಿಂದ ರಾಷ್ಟ್ರೀಯ ಪಾವತಿ ನಿಗಮ ವ್ಯಕ್ತಿ ವ್ಯಕ್ತಿಗಳ ನಡುವಿನ ಆ ಬೇಡಿಕೆಯನ್ನು ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಕ್ಯೂಆರ್ ಕೋಡ್ ಇದ್ದೇ ಇದೆ. ಒಂದು ಬಾಗಿಲು ಮುಚ್ಚಿದ್ದಾರೆ, ಕಿಟಕಿ ತೆರೆದಿದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಯುಪಿಐ ಮೂಲಕ 2,000 ಕೋಟಿಗೂ ಹೆಚ್ಚು ವ್ಯವಹಾರ ನಡೆದವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಸಾಗರದಲ್ಲಿ ನಮ್ಮ ಹೊಲಿಗೆಯ ತಾಯಿಯ ಎರಡು ಹನಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಸೈನಿಕನ ವೇಷ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ನಮ್ಮ ಮರ್ಯಾದೆಯ ಮೇಲೆ ಬಂಡವಾಳ ಹೂಡುತ್ತಾರೆ ಈ ಜನ. ಸೈನಿಕನನ್ನು "ಚೀಟಿ ತೋರಿಸು, ಬಂದು ನೋಡಿ ಒಯ್ಯಿ" ಅಂತ ಕೇಳಲು ನಮಗೆ ಮುಜುಗರ. ಕೇಳುವ ಮೊದಲೇ ಅವನು ಚೀಟಿ ಕಳಿಸಿಬಿಡುತ್ತಾನೆ! ಆ ಚೀಟಿಯಲ್ಲಿ ಇರುವುದು ಎಷ್ಟೋ ಸಲ ನಿಜವಾದ ಯಾರೋ ಸೈನಿಕನ ಕದ್ದ ಫೋಟೊ. ಅವನೂ ಇವರ ಇನ್ನೊಬ್ಬ ಬಲಿಪಶು. ಗಡಿಯಲ್ಲಿ ಇರುವುದರಿಂದ ಬಂದು ನೋಡಲು ಆಗುವುದಿಲ್ಲ ಅನ್ನುವ ನೆಪವೂ ಇದರಲ್ಲೇ ಸಿಗುತ್ತದೆ. ಎಂಥ ಬುದ್ಧಿ ನೋಡಿ.

ಇವರು ಒಬ್ಬಿಬ್ಬರಲ್ಲ. ರಾಜಸ್ಥಾನದ ಭರತ್‌ಪುರ, ಆಳ್ವಾರ್, ಹರಿಯಾಣದ ನೂಹ್, ಉತ್ತರ ಪ್ರದೇಶದ ಮಥುರಾ ಸೇರುವ ಮೇವಾತ್ ಸೀಮೆಯಲ್ಲಿ ಇದು ಗುಡಿಕೈಗಾರಿಕೆಯ ಹಾಗೆ ನಡೆದಿದೆ. 2023ರ ಏಪ್ರಿಲ್ ಕೊನೆಯಲ್ಲಿ ನೂಹ್‌ನ 14 ಹಳ್ಳಿಗಳ ಮೇಲೆ ಸುಮಾರು 5,000 ಪೊಲೀಸರು ಒಂದೇ ರಾತ್ರಿ ದಾಳಿ ಮಾಡಿದರು. ಆಮೇಲೆ ಲೆಕ್ಕ ಹಾಕಿ, ದೇಶದಾದ್ಯಂತ ಸುಮಾರು 28,000 ಜನರಿಗೆ 100 ಕೋಟಿಯಷ್ಟು ಮೋಸ ಆಗಿದೆ ಅಂದರು. ಅಂದರೆ ನಿಮಗೆ ಫೋನು ಮಾಡಿದವನು ಆ ದಿನ ನಲವತ್ತು ಜನರಿಗೆ ಅದೇ ಮಾತು ಹೇಳಿ ಅಭ್ಯಾಸ ಆದವನು. ನಮ್ಮ ಹುಡುಗಿಗೆ ಅದು ಜೀವನದ ಮೊದಲನೇ ಮಾರಾಟ. ಪಂದ್ಯ ಸರಿಸಮ ಅಂತೀರಾ?

ನಮ್ಮ ಸಂತೆಯನ್ನೇ ನೋಡಿ. ಎತ್ತು ಕೊಳ್ಳಲು ಬಂದವನು ಏನು ಮಾಡುತ್ತಾನೆ? ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ದಲ್ಲಾಳಿ ವಲ್ಲಿಯ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ. ಅರ್ಧ ದಿನ ಜಗ್ಗಾಟ. ಯಾವನಾದರೂ ಬಂದು ಎತ್ತಿನ ಮುಖವನ್ನೂ ನೋಡದೆ "ಹೇಳಿದ ಬೆಲೆ ತಗೋ" ಅಂದರೆ ನಮ್ಮ ಅಜ್ಜಂದಿರು ಏನು ಮಾಡುತ್ತಿದ್ದರು? ಎತ್ತಿನ ಹಗ್ಗ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು! ಆ ಬುದ್ಧಿ ನಮ್ಮ ರಕ್ತದಲ್ಲೇ ಇದೆ. ಫೋನು ಕೈಗೆ ಬಂದ ಕೂಡಲೇ ಯಾಕೆ ಬಿಟ್ಟುಕೊಟ್ಟೆವು? ಚೌಕಾಸಿ ಮಾಡದ ಗಿರಾಕಿ, ಸಾಮಾನು ನೋಡದ ಗಿರಾಕಿ, ಸಾಮಾನು ಒಯ್ಯುವ ಮೊದಲೇ ರೊಕ್ಕ ಕೊಡುವ ಆತುರದ ಗಿರಾಕಿ. ಈ ಮೂರೂ ಒಬ್ಬನಲ್ಲೇ ಇದ್ದರೆ ಅವನು ಗಿರಾಕಿ ಅಲ್ಲ ಅಂತ ಹೇಳಲು ಯಾವ ಕಂಪ್ಯೂಟರ್ ಪದವಿ ಬೇಕು?

ಈಗ ನಮ್ಮ ಭಾಷೆಯ ವಿಷಯ. ಇಲ್ಲಿಯವರಿಗೆ ಗೊತ್ತಿರುವುದೇ, ಹೊರಗಿನಿಂದ ಓದುವವರಿಗಾಗಿ ಹೇಳುತ್ತೇನೆ. 1956ರ ನವೆಂಬರ್‌ನಲ್ಲಿ ರಾಜ್ಯಗಳನ್ನು ಕೊಯ್ದು ಹಂಚಿದಾಗ ರಾಯಚೂರು ಮೈಸೂರಿಗೆ ಹೋಯಿತು. ಅದೇ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿದವು. ಮಕ್ತಲ್, ನಾರಾಯಣಪೇಟೆ ಮೊದಲೇ ಅಲ್ಲಿದ್ದವು. ಮಾತು ಮಾತ್ರ ಗೆರೆಯ ಈ ಕಡೆ ಉಳಿಯಿತು. ಆಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗನ್ನೂ ಕಲಿಯುತ್ತಾರೆ, 2018ರ ಕಾಯ್ದೆ ಬಂದ ಮೇಲಂತೂ ಕಡ್ಡಾಯ. ಕಲಿಯಲಿ, ಒಳ್ಳೆಯದೇ, ಲಿಪಿಗಳು ಅಕ್ಕ ತಂಗಿಯರು. ಆದರೆ ಅವರ ಅಪ್ಪ ಅಮ್ಮ? ಕನ್ನಡ ಮಾಧ್ಯಮದಲ್ಲಿ ನಾಲ್ಕೈದು ತರಗತಿ ಓದಿ ಬಿಟ್ಟವರು. ಪೊಲೀಸರ ಎಚ್ಚರಿಕೆಯ ಫಲಕ ತೆಲುಗಿನಲ್ಲಿ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ. ಕಳ್ಳನ ಫೋನು ಹಿಂದಿಯಲ್ಲಿ. ಕನ್ನಡದಲ್ಲಿ ಅವರಿಗೆ ಬಂದದ್ದು ಏನು? ನಾವು ಕಳಿಸುವ ಹಾಜರಾತಿ ಚೀಟಿ ಒಂದೇ!

ಹೀಗಾಗಿ ಮನೆಯ ರೊಕ್ಕದ ಕೀಲಿ ಯಾರ ಕೈಗೆ ಬಂತು? ಹದಿನಾಲ್ಕು ವರ್ಷದ ಮಗುವಿನ ಕೈಗೆ. ಅಪ್ಪನ ಪಿನ್ ಮಗಳಿಗೆ ಗೊತ್ತು, ಅಮ್ಮನ ಪಿನ್ ಮಗನಿಗೆ ಗೊತ್ತು. ಇದನ್ನು ನಾವು ಮೇಷ್ಟ್ರುಗಳು "ನಮ್ಮ ಮಕ್ಕಳು ಎಷ್ಟು ಚುರುಕು" ಅಂತ ಮೆಚ್ಚಿಕೊಂಡೆವು. ಆ ಮಗುವಿಗೆ ನಾವು ಕಲಿಸಿದ್ದೇನು? ಶೇಕಡಾವಾರು, ಸರಳ ಬಡ್ಡಿ, ಚಕ್ರಬಡ್ಡಿ. ಚಕ್ರಬಡ್ಡಿಯ ಲೆಕ್ಕ ಆ ಹುಡುಗಿ ಪಟಪಟ ಬಿಡಿಸುತ್ತಾಳೆ, ನಾನೇ ಕಲಿಸಿದ್ದು. ಪಿನ್ ಕೇಳುವ ಪುಟದಲ್ಲಿ ಮೊತ್ತ, ಯಾರಿಗೆ ಹೋಗುತ್ತಿದೆ ಅನ್ನುವ ಹೆಸರು ಎರಡೂ ಇರುತ್ತವೆ, ಮೊದಲು ಅದನ್ನು ಓದು ಅಂತ ನಾನು ಒಂದು ದಿನವೂ ಹೇಳಿರಲಿಲ್ಲ. ಆ 19,500ರಲ್ಲಿ ನನ್ನ ಪಾಲೂ ಇದೆ ಅಂತ ನಾನು ಲೆಕ್ಕ ಹಾಕಿದ್ದೇನೆ. ಸ್ಟಾಫ್ ರೂಮಿನ ಹಿರಿಯರೇ, ನಿಮ್ಮ ಪಾಲು ಎಷ್ಟು?

ಫೋನ್‌ಪೇ, ಗೂಗಲ್ ಪೇ, ಭೀಮ್, ಎಲ್ಲದರಲ್ಲೂ ಭಾಷೆ ಬದಲಿಸುವ ಜಾಗ ಇದೆ, ಕನ್ನಡವೂ ಇದೆ. ಎಷ್ಟು ಮನೆಯ ಫೋನಿನಲ್ಲಿ ಬದಲಿಸಿದ್ದಾರೆ? ಅಂಗಡಿಯವನು ಹಾಕಿಕೊಟ್ಟ ಇಂಗ್ಲಿಷೇ ಕೊನೆಯ ತನಕ. ಕನ್ನಡ ಶಾಲೆ ಉಳಿಸಿ ಅಂತ ಜಿಲ್ಲಾ ಕಚೇರಿಗೆ ಅರ್ಜಿ ಒಯ್ಯುವ ನಾವು ನಮ್ಮ ಜೇಬಿನ ಫೋನಿನಲ್ಲಿ ಕನ್ನಡ ಉಳಿಸಿಲ್ಲ. ನಾನೂ ಬದಲಿಸಿದ್ದು ಈ ಘಟನೆ ಆದ ಮೇಲೆ, ಸುಳ್ಳು ಯಾಕೆ ಹೇಳಲಿ.

ಇದು ಹಳೇ ಯಂತ್ರ, ಹಳೇ ಸೋಫಾದ ಮಾತು ಮಾತ್ರ ಅಲ್ಲ. ನಮ್ಮ ಸೀಮೆಯ ಬದುಕೇ ಮಗ್ಗದ ಮೇಲೆ ನಿಂತಿದೆ. ನಾರಾಯಣಪೇಟೆಯ ಚೌಕುಳಿ ಸೀರೆ, ಗದ್ವಾಲದ ಹತ್ತಿ ಒಡಲು, ರೇಷ್ಮೆ ಅಂಚಿನ ಸೀರೆ (ಮಡಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ ಅನ್ನುತ್ತಾರೆ, ನಾನು ಮಡಚಿ ನೋಡಿಲ್ಲ, ಮನೆಯಾಕೆ ಮುಟ್ಟಲು ಬಿಡುವುದಿಲ್ಲ). ಈಗ ನೇಕಾರರ ಮಕ್ಕಳು ವಾಟ್ಸಾಪಿನಲ್ಲಿ ಫೋಟೊ ಹಾಕಿ ನೇರವಾಗಿ ಮಾರುತ್ತಾರೆ. ನಡುವಿನ ಸಾಹುಕಾರನ ಹಂಗು ತಪ್ಪಿತು, ಬಹಳ ಸಂತೋಷ. ಆದರೆ ಅವರಿಗೆ ಬೇರೆ ಬಗೆಯ ಗಿರಾಕಿ ಕಾದಿದ್ದಾನೆ. ಅವನು ಪಿನ್ ಕೇಳುವುದೇ ಇಲ್ಲ. ರೊಕ್ಕ ಹಾಕಿದ್ದೀನಿ ಅಂತ ಹಸಿರು ಗುರುತಿನ ಒಂದು ಪರದೆಯ ಚಿತ್ರ ಕಳಿಸುತ್ತಾನೆ. ಅಂಥ ಸುಳ್ಳು ಚಿತ್ರ ತಯಾರಿಸುವುದಕ್ಕೇ ಆ್ಯಪುಗಳಿವೆ. ನೋಡಲು ಥೇಟ್ ಅಸಲಿ! "ಸರ್ವರ್ ನಿಧಾನ ಅದ ಅಕ್ಕ, ಸಂಜೆಗೆ ಬೀಳ್ತದ, ಪಾರ್ಸೆಲ್ ಹಾಕಿಬಿಡಿ, ನಾಳೆ ಮದುವೆ." ಇನ್ನೊಬ್ಬ ಬ್ಯಾಂಕಿನಿಂದ ಬಂದ ಹಾಗೆ ಸಂದೇಶ ಕಳಿಸುತ್ತಾನೆ, 3,000ದ ಬದಲು 30,000 ಬಿದ್ದಿದೆ ಅಂತ. ಆಮೇಲೆ ಅಳುತ್ತಾ ಫೋನು, "ತಪ್ಪಿ ಒಂದು ಸೊನ್ನೆ ಜಾಸ್ತಿ ಒತ್ತಿದೆ, 27,000 ವಾಪಸ್ ಹಾಕಿ, ಆಸ್ಪತ್ರೆಯಲ್ಲಿದ್ದೀನಿ." ನಮ್ಮ ಜನರ ಕರುಳು ಚುರ್ ಅನ್ನುತ್ತದೆ. ಖಾತೆಗೆ ಬಿದ್ದಿರುವುದು ಏನೂ ಇಲ್ಲ, ಇವರು ಹಾಕುವ 27,000 ಮಾತ್ರ ನಿಜವಾದ ರೊಕ್ಕ. ಆ ಸಂದೇಶ ಬಂದದ್ದು ಹತ್ತಂಕಿಯ ಸಾದಾ ಮೊಬೈಲ್ ನಂಬರಿನಿಂದ ಅನ್ನುವುದನ್ನು ಅವಸರದಲ್ಲಿ ಯಾರು ನೋಡುತ್ತಾರೆ?

ಇದಕ್ಕೆ ಮದ್ದು ಬಹಳ ಸಣ್ಣದು. ಅವರ ಚಿತ್ರ, ಅವರ ಸಂದೇಶ ಎರಡನ್ನೂ ಪಕ್ಕಕ್ಕಿಟ್ಟು ನಿಮ್ಮ ಬ್ಯಾಂಕಿನ ಆ್ಯಪ್ ನೀವೇ ತೆರೆದು ಖಾತೆಯ ಶಿಲ್ಕು ನೋಡಿ, ಇಲ್ಲವೇ ಪಾಸ್‌ಬುಕ್ ಬರೆಸಿ. ಏರಿದೆಯಾ? ಪಾರ್ಸೆಲ್ ಹಾಕಿ. ಏರಿಲ್ಲವಾ? ಮದುವೆ ಮುಂದಕ್ಕೆ ಹೋಗಲಿ! ಶಿಲ್ಕು ನೋಡಲು ಆ್ಯಪು ಪಿನ್ ಕೇಳುತ್ತದೆ, ಅದು ಸರಿ. ಆದರೆ ಆ ಪುಟವನ್ನು ತೆರೆದವರು ನೀವಾಗಿರಬೇಕು, ಅವನು ಕಳಿಸಿದ ಕೊಂಡಿಯನ್ನು ಒತ್ತಿ ಬಂದದ್ದಾಗಿರಬಾರದು. ಮತ್ತೆ ಗಾಡಿಯ ಗೇಟ್ ಪಾಸು, ಕೊರಿಯರ್ ವಿಮೆ, ನೋಂದಣಿ ಶುಲ್ಕ, "ಆಮೇಲೆ ವಾಪಸ್ ಬರ್ತದ" ಅಂತ ಸಾವಿರ ಎರಡು ಸಾವಿರ ಕೇಳಿದರೆ ಫೋನು ಇಟ್ಟುಬಿಡಿ. ಮಾರುವವನು ರೊಕ್ಕ ಕೊಡುವ ವ್ಯಾಪಾರ ಲೋಕದಲ್ಲಿ ಎಲ್ಲಿದೆ ಸ್ವಾಮಿ?

ಬೈಕಿನ ವಿಷಯ ನಮ್ಮ ಗಡಿಯವರಿಗೆ ಬೇರೆಯೇ ತಲೆನೋವು. ಈ ಕಡೆಯ ಬೈಕನ್ನು ರಾಯಚೂರಿನ ಗಿರಾಕಿ ನೋಡಿ ಒಪ್ಪಿ ನಗದು ಎಣಿಸಿ ಕೊಟ್ಟು ಹೋಗುತ್ತಾನೆ. ಅಸಲಿ ರೊಕ್ಕ, ಅಸಲಿ ಮನುಷ್ಯ. ಮೋಸ ಎಲ್ಲಿ ಬಂತು ಅಂತೀರಾ? "ಹೆಸರು ಬದಲಾವಣೆ ನಾ ಮಾಡಿಸ್ಕೋತೀನಿ" ಅಂದಿರುತ್ತಾನೆ. ಮಾಡಿಸುವುದಿಲ್ಲ. ಆ ಬೈಕು ಯಾರನ್ನೋ ಗುದ್ದಿದರೆ ಪರಿಹಾರದ ನೋಟಿಸು ಬರುವುದು ನಮ್ಮ ಮನೆಗೆ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಫಾರಂ 29, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಿ ಆರ್‌ಟಿಓ ಕಚೇರಿಗೆ ನೀವೇ ಒಯ್ಯಿರಿ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಯಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಹೊಳೆ ದಾಟಿದರೆ ಬೇರೆ ರಾಜ್ಯ ಅನ್ನುವುದು ಮದುವೆ ಮಾಡುವಾಗ, ಜಾತ್ರೆಗೆ ಹೋಗುವಾಗ ನಮಗೆ ನೆನಪಾಗುವುದಿಲ್ಲ, ಸರಕಾರಕ್ಕೆ ಚೆನ್ನಾಗಿ ನೆನಪಿರುತ್ತದೆ. ಓಡಿಸಿ ನೋಡ್ತೀನಿ ಅಂತ ಹೋದವನು ಹೋಗೇ ಬಿಟ್ಟ ಕಥೆಗಳೂ ಇವೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹಿಂದೆ ನೀವೂ ಕೂತುಕೊಳ್ಳಿ ಸಾಕು.

ಹಾಂ, ಹಳೆ ಮೊಬೈಲು ಮರೆತಿದ್ದೆ. "ಹಳೇ ಮೊಬೈಲ್ ಕೊಡಿ, ಪಾತ್ರೆ ತಗೊಳ್ಳಿ" ಅಂತ ಓಣಿಯಲ್ಲಿ ಕೂಗುತ್ತಾ ಬರುತ್ತಾರಲ್ಲ. 2024ರ ಆಗಸ್ಟ್‌ನಲ್ಲಿ ನಮ್ಮದೇ ರಾಜ್ಯದ ರಾಮಗುಂಡಂನಲ್ಲಿ ಸೈಬರ್ ಪೊಲೀಸರು ಬಿಹಾರದ ಮೂವರನ್ನು ಹಿಡಿದಾಗ ಚೀಲಗಳಲ್ಲಿ ಸಿಕ್ಕಿದ್ದು ಸುಮಾರು 4,000 ಹಳೆಯ ಫೋನುಗಳು. ಮೋಸಗಾರರಿಗೆ ಸರಬರಾಜು ಮಾಡಲು ಕೂಡಿಹಾಕಿದ್ದವು. ನೀವು ಸ್ಟೀಲ್ ಡಬ್ಬಿಗೆ ಕೊಟ್ಟ ಫೋನಿನಿಂದಲೇ ನಾಳೆ ನಿಮ್ಮ ಪಕ್ಕದ ಮನೆಯವರಿಗೆ "ನಾನು ಸೈನಿಕ" ಅಂತ ಕರೆ ಬರಬಹುದು.

ಈಗ ಆ ನಾಲ್ಕು ದಿನಕ್ಕೆ ಬರುತ್ತೇನೆ.

ರೊಕ್ಕ ಹೋದ ಕೂಡಲೇ 1930ಕ್ಕೆ ಫೋನು ಮಾಡಬೇಕು. ದೇಶದಾದ್ಯಂತ ಒಂದೇ ನಂಬರು. ದೂರು ದಾಖಲಾದ ತಕ್ಷಣ ಅದು ರೊಕ್ಕ ಹೋದ ಖಾತೆಯ ಬ್ಯಾಂಕಿಗೆ ಮುಟ್ಟುತ್ತದೆ. ರೊಕ್ಕ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಕಳ್ಳ ಸುಮ್ಮನೆ ಕೂರುವುದಿಲ್ಲ, ಅದನ್ನು ಒಂದರಿಂದ ಇನ್ನೊಂದು ಖಾತೆಗೆ ಹಾರಿಸುತ್ತಾ ಎಲ್ಲೋ ಎಟಿಎಮ್ಮಿನಲ್ಲಿ ತೆಗೆದುಬಿಡುತ್ತಾನೆ. ಹಾಗಾಗಿ ಮೊದಲ ಒಂದೆರಡು ಗಂಟೆಯೇ ಎಲ್ಲ. ಹಾಗೆ ತಡೆಹಿಡಿದ ರೊಕ್ಕ ಲೋಕ ಅದಾಲತ್ ಮೂಲಕ ವಾಪಸ್ ಸಿಕ್ಕ ಉದಾಹರಣೆಗಳು ತೆಲಂಗಾಣದಲ್ಲಿ ಬೇಕಾದಷ್ಟಿವೆ. ನಮ್ಮ ತಾಯಿ ಬಂದದ್ದು ಐದನೇ ದಿನ. ನಾನೇ ಜೊತೆಗೆ ಕೂತು 1930ಕ್ಕೆ ಮಾಡಿದೆ, ತೆಲುಗಿನಲ್ಲಿ ಮಾತಾಡಿದೆ, ಜಾಲತಾಣದಲ್ಲೂ ದೂರು ಬರೆದೆ. ದೂರಿನ ಸಂಖ್ಯೆ ಬಂತು. ಆ ಖಾತೆಯಲ್ಲಿ ಉಳಿದಿದ್ದು ಸೊನ್ನೆ.

ಬ್ಯಾಂಕಿಗೂ ಹೋಗಿದ್ದೆವು. ಯಾವ ಬ್ಯಾಂಕು ಅನ್ನುವುದು ಬೇಡ, ಎಲ್ಲ ಒಂದೇ. "ಪಿನ್ ಒತ್ತಿದವರು ನೀವೇ ತಾನೆ?" ಅಂದರು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಅನಧಿಕೃತವಾಗಿ ರೊಕ್ಕ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟ ಇಲ್ಲ ಅಂತ. ಓದಿ ಖುಷಿಪಟ್ಟಿದ್ದೆ. ಆದರೆ "ಅನಧಿಕೃತ" ಅನ್ನುವ ಶಬ್ದದಲ್ಲೇ ನಮ್ಮ ಹುಡುಗಿ ಬಿದ್ದುಹೋದಳು. ಅವಳೇ ಪಿನ್ ಒತ್ತಿದ್ದರಿಂದ ಅದು ಅಧಿಕೃತವಂತೆ! ಮನೆಗೆ ಕನ್ನ ಹಾಕಿದರೆ ಕಳ್ಳತನ, ಬಾಗಿಲು ಬಡಿದು ಸುಳ್ಳು ಹೇಳಿ ಒಳಗೆ ಬಂದು ಒಯ್ದರೆ ನೀವೇ ಬಾಗಿಲು ತೆಗೆದಿರಿ ಅನ್ನುವ ನ್ಯಾಯ. ಕೋಟಿಗಟ್ಟಲೆ ಜನರ ಕೈಗೆ ಈ ಯಂತ್ರ ಕೊಟ್ಟು, ಅವರ ಭಾಷೆಯಲ್ಲಿ ಒಂದು ದಿನವೂ ಕಲಿಸದೆ, ಬಿದ್ದಾಗ ಮಾತ್ರ "ನೀವೇ ಒತ್ತಿದ್ದು" ಅನ್ನುವುದು ಯಾವ ಸೀಮೆಯ ಮರ್ಯಾದೆ? ಇದನ್ನು ನಾನು ಆ ಕೌಂಟರಿನಲ್ಲಿ ಹೇಳಿದೆ. ಹಿಂದಿನ ಸಾಲಿನವರು ನಕ್ಕರು, ಅಷ್ಟೇ ಆದದ್ದು.

ಠಾಣೆಗೆ ಹೋಗುವವರಿಗೆ ಒಂದು ಮಾತು. "ಕಳ್ಳ ರಾಜಸ್ಥಾನದಲ್ಲಿದ್ದಾನೆ, ಇಲ್ಲಿ ಬರೆದುಕೊಳ್ಳಲು ಬರುವುದಿಲ್ಲ", "ನೀವು ಇದ್ದದ್ದು ಆಗ ರಾಯಚೂರಿನಲ್ಲಿ, ಅಲ್ಲಿ ಕೊಡಿ" ಅಂತ ಯಾರಾದರೂ ಅಂದರೆ ಕೇಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು ಅಂತಿದೆ. ಗಡಿಯಲ್ಲಿ ಬದುಕುವ ನಮಗೆ ಇದಕ್ಕಿಂತ ಉಪಯೋಗದ ಕಲಮು ಇಲ್ಲ. ಆ ಮನುಷ್ಯನ ನಂಬರು, ಅವನು ಕಳಿಸಿದ ಕೋಡ್, ಚೀಟಿ, ಮಾತುಕತೆ ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬೇಡಿ. ನಮ್ಮ ಹುಡುಗಿ ಅಪ್ಪ ನೋಡಿಬಿಡುತ್ತಾನೆ ಅಂತ ಹೆದರಿ ಅರ್ಧ ಅಳಿಸಿಬಿಟ್ಟಿದ್ದಳು.

ಹೆದರಿದ್ದು ಯಾಕೆ? ಮನೆಯಲ್ಲಿ ಬೈತಾರೆ ಅಂತ. ಶಾಲೆಯಲ್ಲಿ ನಗ್ತಾರೆ ಅಂತ. "ಆಸೆಬುರುಕರು" ಅಂತಾರೆ ಅಂತ. ಸಹೋದ್ಯೋಗಿ ಮಿತ್ರರೇ, ಕಳ್ಳನಿಗೆ ಬೇಕಾದ ನಾಲ್ಕು ದಿನವನ್ನು ಬಿಟ್ಟುಕೊಟ್ಟದ್ದು ಈ ಭಯ. ಮಗು ಅದೇ ಗಳಿಗೆಯಲ್ಲಿ ಓಡಿ ಬಂದು "ಸರ್, ಹಿಂಗಾತು" ಅನ್ನುವ ಧೈರ್ಯ ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಆ 13,000 ಆದರೂ ನಿಲ್ಲುತ್ತಿತ್ತೋ ಏನೋ. ನಿಮ್ಮ ಆ ಒಂದು ಮಾತಿಗೆ ನಾನು ಇಷ್ಟು ಉದ್ದ ಬರೆಯಬೇಕಾಯಿತು, ಬೇಜಾರಾಗಬೇಡಿ. ಶೇಂಗಾ ಹಿಂಡಿ ಮಾತ್ರ ಬಹಳ ಚೆನ್ನಾಗಿತ್ತು.

ಬರುವ ಪಾಲಕರ ಸಭೆಯಲ್ಲಿ ಭಾಷಣ ಇಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಎಲ್ಲರೂ ಅವರವರ ಫೋನು ತರಬೇಕು. ಮೊದಲು ಭಾಷೆ ಕನ್ನಡಕ್ಕೆ ಬದಲಾಯಿಸುವುದು. ಆಮೇಲೆ ಒಬ್ಬರಿಗೊಬ್ಬರು ಒಂದೊಂದು ರೂಪಾಯಿ ಕಳಿಸಿ ನೋಡುವುದು, ಕಳಿಸುವವರಿಗೆ ಪಿನ್ ಕೇಳುತ್ತದೆ, ತಗೊಳ್ಳುವವರಿಗೆ ಏನೂ ಕೇಳುವುದಿಲ್ಲ ಅನ್ನುವುದನ್ನು ಅವರ ಕೈಯಿಂದಲೇ. 1930 ಅನ್ನು ಹೆಸರು ಹಾಕಿ ಉಳಿಸಿಕೊಡುವುದು. ಯಾರ ಹೆಸರು ಹಾಕೋಣ ಅಂತ ಮಕ್ಕಳನ್ನು ಕೇಳಿದರೆ "ಸೋದರಮಾವ" ಅಂತ ಹಾಕೋಣ ಅಂದರು! ಬೇರೆ ಕನ್ನಡ ಶಾಲೆಗಳ ಮೇಷ್ಟ್ರುಗಳು ಇದನ್ನು ಮಾಡಿದರೆ ಹೇಗಾಯಿತು ಅಂತ ನನಗೂ ತಿಳಿಸಿ.

ಹುಡುಗಿ ಈಗ ಶಾಲೆಗೆ ಬರುತ್ತಿದ್ದಾಳೆ. ಮೊನ್ನೆ ಗಣಿತದ ಪಾಠದ ನಡುವೆ ಎದ್ದು ನಿಂತು, "ಸರ್, ರೊಕ್ಕ ತಗೊಳ್ಳಾಕ ಪಿನ್ ಯಾಕ್ ಬೇಕು ಅಂತ ಅವತ್ತು ನನಗ ಯಾಕ ಹೊಳೀಲಿಲ್ಲ?" ಅಂತ ಕೇಳಿದಳು. ನನಗೆ ಉತ್ತರ ಸಿಗಲಿಲ್ಲ.

ಅಂದ ಹಾಗೆ, ಆ ಹೊಲಿಗೆ ಯಂತ್ರ ಇನ್ನೂ ಮಾರಾಟ ಆಗಿಲ್ಲ. ಮಕ್ತಲ್, ನಾರಾಯಣಪೇಟೆ ಕಡೆಯವರಿಗೆ ಯಾರಿಗಾದರೂ ಬೇಕಿದ್ದರೆ ನನಗೆ ತಿಳಿಸಿ. ಮನೆಗೆ ಬಂದು, ಕೂತು, ನಾಲ್ಕು ಹೊಲಿಗೆ ಹಾಕಿ ನೋಡಿ. ಚೌಕಾಸಿ ಮಾಡಬಹುದು.